ವಿಳಾಸವಿದ್ದವರ ತಿರುಗಾಟ

ಯುರೋಪಿನಲ್ಲಿ ಒಂದು ವರ್ಷ ವಿನಿಮಯ ವಿದ್ಯಾರ್ಥಿಯಾಗಿ ಓದಿ ಬಂದವರನ್ನು ಮಾತಿಗೆಳೆದು ನೋಡಿ. ಅಲ್ಲಿ ಓದಿದ ವಿಷಯಗಳ ಹೆಸರು ನಾಲಗೆಗೆ ತಡವಾಗಿ ಬರುತ್ತದೆ. ಪ್ರಾಗ್, ಬುಡಾಪೆಸ್ಟ್, ಬಾರ್ಸಿಲೋನಾಗಳ ಹೆಸರು ತಾನಾಗಿ ಬರುತ್ತದೆ. ಅಂಕಪಟ್ಟಿಯ ಲೆಕ್ಕವೇ ಬೇರೆ. ಅಲ್ಲಿನ ವಿಶ್ವವಿದ್ಯಾಲಯಗಳ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್. ಒಂದೊಂದು ಕ್ರೆಡಿಟ್ಟಿಗೂ 25ರಿಂದ 30 ಗಂಟೆಗಳ ದುಡಿಮೆ. ರಜೆಯಲ್ಲಿ ಊರೂರು ಸುತ್ತಿದ್ದಕ್ಕೆ ಒಂದು ಕ್ರೆಡಿಟ್ಟೂ ಸಿಗುವುದಿಲ್ಲ. ಹಾಗಾದರೆ ಆ ಸುತ್ತಾಟ ಓದಿನ ಭಾಗವೋ, ಓದಿನಿಂದ ತಪ್ಪಿಸಿಕೊಳ್ಳುವ ದಾರಿಯೋ? ಸಾಲ ಮಾಡಿ ಕಳಿಸಿದ ತಂದೆತಾಯಿಯೂ ಶಿಫಾರಸು ಪತ್ರ ಬರೆದುಕೊಟ್ಟ ಮೇಷ್ಟರೂ ಕೇಳುವ ಪ್ರಶ್ನೆ ಇದು.

ಸುತ್ತಾಟವೂ ಶಿಕ್ಷಣವೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಶಿಕ್ಷಣವಾಗುವುದಕ್ಕೆ ಒಂದು ಷರತ್ತಿದೆ ಎಂಬುದು ನನ್ನ ವಾದ. ಪ್ರವಾಸಿಗೆ ಇಲ್ಲದ ಒಂದು ಭಾಗ್ಯ ವಿನಿಮಯ ವಿದ್ಯಾರ್ಥಿಗಿದೆ: ಆ ಖಂಡದಲ್ಲಿ ಅವರಿಗೊಂದು ವಿಳಾಸವಿದೆ. ಅಂಚೆಪೆಟ್ಟಿಗೆಯ ಮೇಲೆ ಹೆಸರಿದೆ, ಹೋಗಿಬರುವ ಬಸ್ಸಿದೆ, ಮುಖ ಗುರುತಿಸುವ ಬ್ರೆಡ್ಡಿನಂಗಡಿಯವರಿದ್ದಾರೆ. ಆ ಒಂದು ಊರು ಮೊದಲು ಅರ್ಥವಾದರೆ ಮಾತ್ರ ಉಳಿದ ಊರುಗಳು ಪಾಠ ಹೇಳುತ್ತವೆ. ಅದಿಲ್ಲದಿದ್ದರೆ ಇಪ್ಪತ್ತು ಊರು ನೋಡಿದರೂ ಇಪ್ಪತ್ತು ಚೌಕಗಳನ್ನು ನೋಡಿದ ಹಾಗಾಯಿತು, ಅಷ್ಟೆ.

ಎಳೆಯರನ್ನು ತಿರುಗಾಟಕ್ಕೆ ಕಳಿಸಿ ಕಲಿಸುವುದು ಯುರೋಪಿಗೆ ಹೊಸದಲ್ಲ. ಅದಕ್ಕೆ ಅಲ್ಲಿ ಎರಡು ಹಳೆಯ ದಾರಿಗಳಿದ್ದವು. ಒಂದು ಸಿರಿವಂತರದು. 17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನಗಳು ತಮ್ಮ ಗಂಡುಮಕ್ಕಳನ್ನು ‘ಗ್ರ್ಯಾಂಡ್ ಟೂರ್’ಗೆ ಕಳಿಸುತ್ತಿದ್ದವು. ಜೊತೆಗೊಬ್ಬ ಉಪಾಧ್ಯಾಯ, ಆಳುಕಾಳು. ಪ್ಯಾರಿಸ್ಸಿನಲ್ಲಿ ಕುಣಿತ, ಕತ್ತಿವರಸೆ, ಫ್ರೆಂಚ್ ನಡೆನುಡಿ. ಆಲ್ಪ್ಸ್ ದಾಟಿ ಫ್ಲಾರೆನ್ಸ್, ರೋಮ್, ವೆನಿಸ್. ಮರಳುವಾಗ ಪೆಟ್ಟಿಗೆ ತುಂಬ ಚಿತ್ರಗಳು, ಅಮೃತಶಿಲೆಯ ವಿಗ್ರಹಗಳು. ಇನ್ನೊಂದು ಕಸುಬುದಾರರದು. ಜರ್ಮನ್ ನಾಡಿನಲ್ಲಿ ಬಡಗಿ, ಗಾರೆ ಕೆಲಸದವ, ಚಾವಣಿ ಹೊದಿಸುವವ ಕಸುಬು ಕಲಿತ ಮೇಲೆ ಊರೂರು ಅಲೆದು, ಪರರ ಕೈಕೆಳಗೆ ದುಡಿದು, ಕೈ ಪಳಗಿಸಿಕೊಳ್ಳಬೇಕಿತ್ತು. ಕಪ್ಪು ಕಾರ್ಡುರಾಯ್ ಉಡುಪು, ಅಗಲ ಅಂಚಿನ ಟೋಪಿ ತೊಟ್ಟು ಹಾಗೆ ಹೊರಡುವವರು ಈಗಲೂ ಇದ್ದಾರೆ. ಮೂರು ವರ್ಷ ಒಂದು ದಿನ ಮನೆಗೆ ಮರಳುವಂತಿಲ್ಲ, ಹುಟ್ಟೂರಿನ ಸುತ್ತ 50 ಕಿಲೋಮೀಟರಿನೊಳಗೆ ಸುಳಿಯುವಂತಿಲ್ಲ, ಸಾಲ ಉಳಿಸಿಕೊಂಡವರು ಹೊರಡುವಂತೆಯೇ ಇಲ್ಲ ಎಂಬುದು ಅವರ ಕಟ್ಟಳೆ.

ಇಬ್ಬರೂ ತಿರುಗಿದರು, ಆದರೆ ಕಲಿತ ಬಗೆ ಬೇರೆ. ಸಿರಿವಂತನ ಮಗ ತನ್ನ ಮನೆಯನ್ನೇ ಹೊತ್ತುಕೊಂಡು ತಿರುಗಿದ. ಹೋದಲ್ಲೆಲ್ಲ ತನ್ನಂಥವರನ್ನೇ ಕಂಡ. ಬಡಗಿ ಪರರ ಮನೆಯೊಳಗೆ ಹೋಗಲೇಬೇಕಾಯಿತು. ಅಲ್ಲಿಯ ಮರ, ಅಲ್ಲಿಯ ಉಳಿ, ಅಲ್ಲಿಯ ಊಟ, ಅಲ್ಲಿಯ ಬೈಗುಳ ಎಲ್ಲವೂ ಅವನ ಪಾಲಿಗೆ ಬಂದವು. ಇಂಗ್ಲೆಂಡಿನ ಚಿಂತಕ ಫ್ರಾನ್ಸಿಸ್ ಬೇಕನ್ 1625ರ ಹೊತ್ತಿಗೆ ಪ್ರವಾಸದ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದ. ಅವನ ಓದುಗರು ಸಿರಿವಂತರೇ. ಆದರೂ ಅವನ ಬುದ್ಧಿವಾದ ಬಡಗಿಯ ದಾರಿಗೆ ಹತ್ತಿರ: ಆ ದೇಶದ ಮಾತು ಸ್ವಲ್ಪ ಕಲಿತು ಹೋಗು, ದಿನಚರಿ ಬರೆ, ನಿನ್ನ ದೇಶದವರ ಗುಂಪಿನಿಂದ ದೂರವಿರು, ಒಂದೇ ಊರಲ್ಲಿದ್ದರೂ ಈ ತುದಿಯಿಂದ ಆ ತುದಿಗೆ ಬಿಡಾರ ಬದಲಿಸು. ಒಂದೇ ಊರಿನಲ್ಲಿ ಬಹುಕಾಲ ನಿಲ್ಲಬೇಡ ಎಂದೂ ಅವನು ಹೇಳಿದ್ದುಂಟು. ಕುದುರೆಗಾಡಿಯ ಕಾಲದಲ್ಲಿ ಜಡವಾಗುವ ಭಯವೇ ದೊಡ್ಡದಿದ್ದಿರಬೇಕು. ಇಂದಿನ ವಿದ್ಯಾರ್ಥಿಗೆ ಹೇಳಬೇಕಾದದ್ದು ಅದರ ವಿರುದ್ಧ ಮಾತು.

ಏಕೆಂದರೆ ತಿರುಗಾಟ ಇಂದು ಅತಿ ಸುಲಭವಾಗಿದೆ. 1972ರಲ್ಲಿ 21 ವರ್ಷದವರೆಗಿನ ಯುವಜನರಿಗೆ 21 ದೇಶಗಳ ರೈಲಿನಲ್ಲಿ ಒಂದು ತಿಂಗಳು ಸುತ್ತಲು ಇಂಟರ್‌ರೇಲ್ ಪಾಸು ಬಂತು. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ ಐದು ದೇಶಗಳು ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರಲ್ಲಿ ಅದು ಜಾರಿಗೆ ಬಂತು. ಈಗ ಅದರಲ್ಲಿ 29 ದೇಶಗಳಿವೆ. 1990ರ ದಶಕದಲ್ಲಿ ವಿಮಾನಯಾನದ ಕಟ್ಟುಗಳು ಸಡಿಲಗೊಂಡು ಅಗ್ಗದ ವಿಮಾನಗಳು ಹಾರಾಡಿದವು. 2013ರಲ್ಲಿ ಜರ್ಮನಿ ದೂರದ ಬಸ್ಸುಗಳಿಗೆ ಮಾರುಕಟ್ಟೆ ತೆರೆದ ಮೇಲೆ ರಾತ್ರಿ ಬಸ್ಸುಗಳು ಖಂಡದ ಉದ್ದಗಲಕ್ಕೆ ಓಡತೊಡಗಿದವು. ಶುಕ್ರವಾರ ಸಂಜೆ ಕ್ಲಾಸು ಮುಗಿಸಿ ಹೊರಟರೆ ಸೋಮವಾರ ಬೆಳಗಿನೊಳಗೆ ಮೂರು ರಾಜಧಾನಿ ಮುಟ್ಟಿ ಬರಬಹುದು.

ಮುಟ್ಟಿ ಬರಬಹುದು, ನೋಡಿ ಬರುವುದು ಕಷ್ಟ. ಅಗ್ಗದ ವಿಮಾನ ಇಳಿಸುವುದು ಊರಿನಲ್ಲಲ್ಲ. ಪ್ಯಾರಿಸ್ಸಿನ ಹೆಸರು ಹೇಳಿ ಟಿಕೆಟ್ಟು ಮಾರುವ ಬೋವೆ ವಿಮಾನ ನಿಲ್ದಾಣ ಪ್ಯಾರಿಸ್ಸಿನಿಂದ ಸುಮಾರು 85 ಕಿಲೋಮೀಟರ್ ದೂರದಲ್ಲಿದೆ. ನಿದ್ದೆಗೆಟ್ಟು ಇಳಿದು, ಬ್ಯಾಗು ಹೊತ್ತು, ಹಾಸ್ಟೆಲಿನ ಬಾಗಿಲು ಮಧ್ಯಾಹ್ನ ತೆರೆಯುವವರೆಗೆ ಬೀದಿ ಅಲೆದು, ಒಂದು ಕೆಥೆಡ್ರಲ್, ಒಂದು ಸೇತುವೆ, ಒಂದು ಚೌಕ ಫೋಟೋ ತೆಗೆದು ಮರಳುತ್ತಾರೆ. ಜೊತೆಗಿರುವವರು ಯಾರು? ಬಹುಪಾಲು ಇತರ ವಿನಿಮಯ ವಿದ್ಯಾರ್ಥಿಗಳೇ, ಅಥವಾ ನಮ್ಮ ದೇಶದವರೇ. ಸ್ಥಳೀಯ ಸಹಪಾಠಿಗಳು ವಾರಾಂತ್ಯಕ್ಕೆ ತಂತಮ್ಮ ಮನೆಗೆ ಹೋಗಿರುತ್ತಾರೆ. ಸಿರಿವಂತನ ಮಗ ಮನೆಯನ್ನು ಹೊತ್ತು ತಿರುಗಿದಂತೆ ಇವರು ಹಾಸ್ಟೆಲಿನ ಅಡುಗೆಕೋಣೆಯನ್ನೇ ಹೊತ್ತು ತಿರುಗುತ್ತಾರೆ. ಒಂದೇ ವ್ಯತ್ಯಾಸ: ಅವನಿಗೆ ಜೊತೆಯಲ್ಲಿ ಉಪಾಧ್ಯಾಯನಾದರೂ ಇದ್ದ.

ಇದಕ್ಕೆ ಬರುವ ಉತ್ತರವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ‘ನಿಧಾನವಾಗಿ ನೋಡು ಎನ್ನುವುದು ಮತ್ತೆ ಬರಬಲ್ಲವರ ಮಾತು. ನಮ್ಮ ಪಾಸ್‌ಪೋರ್ಟಿಗೆ ಈ ವರ್ಷ ಕಳೆದರೆ ಮತ್ತೆ ವಿಸಾ ಯಾವಾಗ ಸಿಗುತ್ತದೋ’ ಎಂದು ಭಾರತದ ವಿದ್ಯಾರ್ಥಿ ಹೇಳಿದರೆ ಅದು ನಿಜವೇ. ಒಂದು ಷೆಂಗೆನ್ ದೇಶದ ವಾಸದ ಪರವಾನಗಿ ಇದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ 180 ದಿನಗಳಿಗೆ 90 ದಿನ ಬೇರೆ ವಿಸಾ ಇಲ್ಲದೆ ಇರಬಹುದು. ಆ ಬಾಗಿಲು ಪರವಾನಗಿಯ ಅವಧಿ ಮುಗಿದ ದಿನ ಮುಚ್ಚುತ್ತದೆ. ಹಣದ ಲೆಕ್ಕವೂ ಬಿಗಿ. ಜರ್ಮನಿಗೆ ಓದಲು ಹೋಗುವವರು ಸಾಮಾನ್ಯವಾಗಿ ವರ್ಷಕ್ಕೆ 11,904 ಯೂರೋ ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಬಾಡಿಗೆ, ವಿಮೆ, ಊಟ ಕಳೆದು ಉಳಿದದ್ದರಲ್ಲಿ ತಿರುಗಬೇಕಾದವರಿಗೆ ಅಗ್ಗದ ಬಸ್ಸೇ ಗತಿ. ಒಂದು ಕಾಲದಲ್ಲಿ ಶ್ರೀಮಂತರ ಸೊತ್ತಾಗಿದ್ದ ವೆನಿಸ್ಸನ್ನು ಗುಮಾಸ್ತರ ಮಗಳೂ ನೋಡುವಂತಾಯಿತಲ್ಲ, ಅದು ಸಣ್ಣ ಸಂಗತಿಯಲ್ಲ. ಆದ್ದರಿಂದ ತಿರುಗಬೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಸಮಯವೂ ಹಣವೂ ಕಡಿಮೆ ಇರುವುದರಿಂದಲೇ ಆಯ್ಕೆ ಬೇಕು ಎಂಬ ತೀರ್ಮಾನಕ್ಕೂ ಇದೇ ವಾದ ಬರುತ್ತದೆ. ಕಡಿಮೆ ಇರುವುದನ್ನು ಯಾರೂ ಚೆಲ್ಲುವುದಿಲ್ಲ.

ವಿಳಾಸವಿದ್ದವರು ಏನನ್ನು ಕಾಣಬಲ್ಲರು ಎಂಬುದಕ್ಕೆ ಗಡಿಯನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಿಂದ ಜರ್ಮನಿಯ ಕೇಲ್ ಊರಿಗೆ 2017ರಿಂದ ರೈನ್ ನದಿ ದಾಟಿ ಟ್ರಾಮ್ ಓಡುತ್ತಿದೆ. ವಾರಾಂತ್ಯದ ಪ್ರವಾಸಿಗೆ ಅದೊಂದು ಟ್ರಾಮ್. ಸ್ಟ್ರಾಸ್‌ಬರ್ಗಿನಲ್ಲಿ ಓದುವ ವಿದ್ಯಾರ್ಥಿಗೆ ಅದು ದಿನಸಿ ತರುವ ದಾರಿ. ಕೆಲವು ಸಾಮಾನು ಆಚೆ ದಡದಲ್ಲಿ ಅಗ್ಗ. 1871ರಿಂದ 1945ರೊಳಗೆ ಆ ಊರು ನಾಲ್ಕು ಸಲ ಒಡೆಯರನ್ನು ಬದಲಿಸಿತು ಎಂದು ಚರಿತ್ರೆಯ ಕ್ಲಾಸಿನಲ್ಲಿ ಕೇಳಿದ್ದು ಆ ದಿನಸಿ ಚೀಲದ ಜೊತೆ ಸೇರಿದಾಗ ಯುರೋಪಿನ ಒಕ್ಕೂಟ ಏಕೆ ಬೇಕಾಯಿತು ಎಂಬುದು ತಿಳಿಯುತ್ತದೆ. ಇದರ ಇನ್ನೊಂದು ಮುಖವೂ ಅಲ್ಲೇ ಕಾಣುತ್ತದೆ. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆಯನ್ನು ಮತ್ತೆ ತಂದಿತು. ಬಸ್ಸು ನಿಲ್ಲಿಸಿ ಒಳಬಂದ ಪೊಲೀಸರು ಬಿಳಿಯ ಮುಖಗಳನ್ನು ದಾಟಿ ಕಂದು ಮುಖದ ವಿದ್ಯಾರ್ಥಿಯ ಮುಂದೆ ನಿಂತು ಕಾಗದ ಕೇಳುವುದೂ ಉಂಟು. ಗಡಿಯಿಲ್ಲದ ಖಂಡ ಯಾರಿಗೆ ಎಷ್ಟು ಗಡಿಯಿಲ್ಲದ್ದು ಎಂಬ ಪಾಠ ಯಾವ ಪಠ್ಯದಲ್ಲೂ ಇಷ್ಟು ಸ್ಪಷ್ಟವಾಗಿ ಸಿಗದು. ಇವೆರಡನ್ನೂ ಒಟ್ಟಿಗೆ ಅರಿಯಲು ಅಲ್ಲಿ ಬದುಕಬೇಕು, ಬಂದುಹೋದರೆ ಸಾಲದು.

ರಜೆಯ ಮಾತು ಇನ್ನೂ ಮುಖ್ಯವಾದದ್ದು. ನಮ್ಮ ವಿದ್ಯಾರ್ಥಿಗಳು ರಜೆ ಬಂದೊಡನೆ ತಾವಿದ್ದ ಊರು ಬಿಟ್ಟು ಓಡುತ್ತಾರೆ. ಆದರೆ ಒಂದು ಸಮಾಜ ತನ್ನನ್ನು ತೋರಿಸಿಕೊಳ್ಳುವುದೇ ತನ್ನ ರಜೆಯಲ್ಲಿ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂದು ಹೊಸಬರು ಗೊಣಗುತ್ತಾರೆ. ಆ ವಿರಾಮಕ್ಕೆ ಅಲ್ಲಿನ ಸಂವಿಧಾನದ ರಕ್ಷಣೆ ಇದೆ. 1919ರ ವೈಮಾರ್ ಸಂವಿಧಾನದ ವಿಧಿಯನ್ನು ಇಂದಿನ ಸಂವಿಧಾನ ಹಾಗೆಯೇ ಉಳಿಸಿಕೊಂಡಿದೆ. ಫ್ರಾನ್ಸಿನಲ್ಲಿ ಆಗಸ್ಟ್ ತಿಂಗಳು ಎಷ್ಟೋ ಅಂಗಡಿಗಳು ಬೀಗ ಹಾಕಿಕೊಳ್ಳುವುದರ ಹಿಂದೆ 1936ರ ಕಾನೂನಿದೆ. ಕಾರ್ಖಾನೆಗಳಲ್ಲಿ ಭಾರೀ ಮುಷ್ಕರಗಳಾದ ಆ ಬೇಸಿಗೆಯಲ್ಲಿ ಕೆಲಸಗಾರರಿಗೆ ಮೊದಲ ಬಾರಿ ಎರಡು ವಾರ ಸಂಬಳಸಹಿತ ರಜೆ ದೊರಕಿತು. ಇಂದು ಯುರೋಪಿನ ಒಕ್ಕೂಟದ ಉದ್ದಕ್ಕೂ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ ಕೆಲಸಗಾರರ ಹಕ್ಕು. ನಮ್ಮಲ್ಲಿ ರಜೆ ಎಂದರೆ ಹಬ್ಬಕ್ಕೋ ಜಾತ್ರೆಗೋ ಮದುವೆಗೋ ಸಾಹೇಬರ ಮರ್ಜಿ ಹಿಡಿದು ಪಡೆಯುವಂಥದು. ಅಲ್ಲಿ ಅದನ್ನು ಹೋರಾಡಿ ಗಳಿಸಿದ್ದಾರೆ. ಈ ವ್ಯತ್ಯಾಸ ತಿಳಿದ ವಿದ್ಯಾರ್ಥಿ ಮರಳಿ ಬೆಂಗಳೂರಿನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗ ಬೇರೆ ಬಗೆಯ ಪ್ರಶ್ನೆ ಕೇಳಬಲ್ಲ.

ಕ್ರಿಸ್ಮಸ್ಸಿನ ಉದಾಹರಣೆ ನೋಡಿ. ಡಿಸೆಂಬರ್ ಮೂರನೆಯ ವಾರ ಕಳೆಯುತ್ತಲೇ ಹಾಸ್ಟೆಲು ಖಾಲಿ. ಒಬ್ಬರೇ ಉಳಿಯಲು ಬೇಸರವಾಗಿ ಬೇರೆ ನಗರಕ್ಕೆ ಹೋದರೆ ಅಲ್ಲಿಯೂ 25ರಂದು ಬೀದಿ ಬಿಕೋ ಎನ್ನುತ್ತಿರುತ್ತದೆ. ಜರ್ಮನಿಯಲ್ಲಿ ಹಬ್ಬ ನಡೆಯುವುದು 24ರ ಸಂಜೆ, ಮನೆಯೊಳಗೆ, ಬಾಗಿಲು ಮುಚ್ಚಿಕೊಂಡು. ಆ ಬಾಗಿಲು ತೆರೆಯುವುದು ಪರಿಚಯವಿದ್ದವರಿಗೆ. ಅಕ್ಟೋಬರಿನಿಂದ ಅದೇ ಕ್ಲಾಸು, ಅದೇ ಕ್ಯಾಂಟೀನು, ಅದೇ ಆಟದ ತಂಡ ಎಂದು ಒಂದೆಡೆ ನಿಂತವರಿಗೆ ‘ನಮ್ಮ ಮನೆಗೆ ಬಾ’ ಎಂಬ ಮಾತು ಬರುವ ಸಂಭವವಿದೆ. ಪ್ರತಿ ವಾರಾಂತ್ಯ ಊರು ಬಿಟ್ಟವರಿಗೆ ಕಡಿಮೆ. ಒಂದು ಸಣ್ಣ ಊರಿನ ಮನೆಯಲ್ಲಿ ಅಜ್ಜಿಯೊಡನೆ ಹರಕುಮುರುಕು ಜರ್ಮನ್ ಮಾತಾಡುತ್ತ ಮೂರು ದಿನ ಕಳೆದವರು, ಅದೇ ಮೂರು ದಿನದಲ್ಲಿ ಎರಡು ರಾಜಧಾನಿ ನೋಡಿದವರಿಗಿಂತ ಹೆಚ್ಚು ದೂರ ಹೋಗಿಬಂದಿದ್ದಾರೆ.

ವಿನಿಮಯ ವಿದ್ಯಾಭ್ಯಾಸದ ಮೂಲ ಉದ್ದೇಶವೂ ಇದೇ ಮಾತನ್ನು ಬೆಂಬಲಿಸುತ್ತದೆ. 1950ರ ದಶಕದ ಕೊನೆಯಲ್ಲಿ ಇಟಲಿಯ ಸೋಫಿಯಾ ಕೊರ್ರಾದಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದಾಗ ರೋಮಿನ ವಿಶ್ವವಿದ್ಯಾಲಯ ಆ ಓದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪರದೇಶದ ಓದಿಗೆ ಸ್ವದೇಶದಲ್ಲಿ ಮಾನ್ಯತೆ ಬೇಕೆಂದು ಅವರು ವರ್ಷಗಟ್ಟಲೆ ವಾದಿಸಿದರು. 1987ರಲ್ಲಿ ಯುರೋಪಿನ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಪಾಠಕ್ಕೆ ಮಾನ್ಯತೆ, ವಾಸಕ್ಕೆ ಸಹಾಯಧನ, ಎರಡೂ ಅದರಲ್ಲಿದ್ದವು. ಪ್ರವಾಸಕ್ಕೆ ಕಳಿಸುವುದೇ ಗುರಿಯಾಗಿದ್ದರೆ ರೈಲು ಪಾಸು ಹಂಚಿದ್ದರೆ ಸಾಕಿತ್ತು. ಆ ಹೆಸರಿನ ಹಿಂದಿರುವ ಪಂಡಿತ ಎರಾಸ್ಮಸ್ ಕೂಡ ರಾಟರ್‌ಡ್ಯಾಮಿನಲ್ಲಿ ಹುಟ್ಟಿ, ಪ್ಯಾರಿಸ್, ಕೇಂಬ್ರಿಜ್, ವೆನಿಸ್, ಲೂವೆನ್‌ಗಳಲ್ಲಿ ಇದ್ದು, 1536ರಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡವನು. ಅವನು ಊರುಗಳನ್ನು ನೋಡಲು ಹೋಗಲಿಲ್ಲ; ವೆನಿಸ್ಸಿನಲ್ಲಿ ಅಚ್ಚುಕೂಟದ ಮನೆಯಲ್ಲೇ ಉಳಿದು ಪುಸ್ತಕ ತಿದ್ದಿದ. ವಿನಿಮಯ ವರ್ಷದ ಚಿತ್ರವನ್ನು ಜಗತ್ತಿಗೆಲ್ಲ ಹರಡಿದ 2002ರ ಫ್ರೆಂಚ್ ಸಿನಿಮಾ ‘ಲೋಬೆರ್ಜ್ ಎಸ್ಪಾನ್ಯೋಲ್’ ಕೂಡ ಬಾರ್ಸಿಲೋನಾದ ಒಂದು ಬಾಡಿಗೆಮನೆಯ ಕತೆ. ಅಲ್ಲಿ ಪಾಠವಾಗುವುದು ಹಂಚಿಕೊಂಡ ಫ್ರಿಜ್ಜಿನ ಜಗಳದಲ್ಲಿ.

ನಮ್ಮಲ್ಲಿ ಇಂದು ಕಾಲೇಜುಗಳು ಇಂಥ ವಿನಿಮಯಕ್ಕೆ ಒಪ್ಪಂದ ಮಾಡಿಕೊಳ್ಳುತ್ತಿವೆ; 2004ರಲ್ಲಿ ಶುರುವಾದ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಭಾರತೀಯರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಹೊರಡುವ ಮುನ್ನ ಕಾಲೇಜುಗಳು ಕಾಗದಪತ್ರದ ಪಟ್ಟಿ ಕೊಡುತ್ತವೆ. ಅದರ ಜೊತೆ ಆರು ತಿಂಗಳ ಭಾಷಾ ತರಗತಿ ಕೊಟ್ಟರೆ, ಮರಳಿದ ಮೇಲೆ ಇದ್ದ ಊರಿನ ಬಗ್ಗೆ ಹತ್ತು ಪುಟ ಬರೆಸಿದರೆ, ತಿರುಗಾಟಕ್ಕೂ ಒಂದು ಹದ ಬರುತ್ತದೆ. ಅಲ್ಲಿನ ಕನ್ನಡ ಕೂಟಗಳ ರಾಜ್ಯೋತ್ಸವಕ್ಕೆ, ದೀಪಾವಳಿಗೆ ಹೋಗಬಾರದೆಂದು ಬೇಕನ್ನನ ಮಾತು ಹಿಡಿದು ನಾನು ಹೇಳಲಾರೆ. ಚಳಿಗಾಲದ ಕತ್ತಲಲ್ಲಿ ತಾಯ್ನುಡಿ ಕೇಳುವುದು ಔಷಧಿಯೇ. ಔಷಧಿ ದಿನದ ಊಟವಾಗದಿದ್ದರೆ ಆಯಿತು.

ಹೊರಟು ನಿಂತಿರುವ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟು. ಮೊದಲ ಸೆಮಿಸ್ಟರಿನಲ್ಲಿ ನಿಮ್ಮ ಊರು, ಅದರ ಸುತ್ತಲಿನ ಹಳ್ಳಿಗಳು ಸಾಕು. ಎರಡನೆಯದರಲ್ಲಿ ದೂರ ಹೋಗಿ, ಆದರೆ ಹೋದಲ್ಲಿ ಕೆಲವು ದಿನ ನಿಲ್ಲಿ. ಹತ್ತು ಊರಿನ ಹಣದಲ್ಲಿ ಮೂರು ಊರು ನೋಡಿ. ಕರೆದವರಿದ್ದರೆ ಅವರ ಮನೆಗೇ ಮೊದಲು ಹೋಗಿ. ಐಫೆಲ್ ಗೋಪುರ ಮುಂದೆ ಎಂದಾದರೂ ರಜೆಯ ಟಿಕೆಟ್ಟು ಕೊಂಡು ಹೋದವರಿಗೂ ಕಾಣುತ್ತದೆ. ಪರದೇಶದ ಊರೊಂದರಲ್ಲಿ ನಿಮ್ಮದೇ ವಿಳಾಸವಿರುವ ವರ್ಷ ಹಾಗೆ ಕೊಂಡರೆ ಸಿಗುವುದಿಲ್ಲ. ಅದನ್ನು ಮೊದಲು ಖರ್ಚು ಮಾಡಿ.