ಸಾಧಕರ ಪಟ್ಟಿಯಲ್ಲಿ ಇಲ್ಲದವರು

ವರ್ಷಕ್ಕೊಮ್ಮೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಸಾಲುಸಾಲಾಗಿ ಬರುತ್ತದೆ. ಇಂಥ ವಿಶ್ವವಿದ್ಯಾಲಯದ ಇಷ್ಟು ಮಂದಿ ಪ್ರಾಧ್ಯಾಪಕರು ಜಗತ್ತಿನ ಶೇಕಡಾ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ. ಕುಲಪತಿಗಳು, ಕುಲಸಚಿವರು ಅಭಿನಂದಿಸಿದ್ದಾರೆ. ಕೆಳಗೆ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು. ಅವರು ಏನನ್ನು ಕಂಡುಹಿಡಿದರು, ಯಾವ ಪ್ರಶ್ನೆಗೆ ಉತ್ತರ ಹುಡುಕಿದರು, ಅದರಿಂದ ನಮ್ಮ ತಿಳಿವಳಿಕೆ ಎಷ್ಟು ಬದಲಾಯಿತು ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಸುದ್ದಿ ಬರೆದವರಿಗೂ ಅದು ಬೇಕಿರುವುದಿಲ್ಲ, ಕಳಿಸಿದವರಿಗೂ ಬೇಕಿರುವುದಿಲ್ಲ.

ಆ ಪಟ್ಟಿಯಲ್ಲಿ ನಿಜವಾದ ವಿಜ್ಞಾನಿಗಳಿದ್ದಾರೆ. ಅವರ ಮೇಲೆ ನಮಗೆ ತಕರಾರಿಲ್ಲ. ಆದರೆ ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ, ಬಿರುದೂ ಅಲ್ಲ. ಅಲ್ಲಿನ ಜಾನ್ ಅಯೊನಿಡಿಸ್ ಮತ್ತವರ ಸಂಗಡಿಗರು ಎಲ್ಸೆವಿಯರ್ ಪ್ರಕಾಶನದ ಸ್ಕೋಪಸ್ ಎಂಬ ದತ್ತಾಂಶದಿಂದ, ಯಾರ ಲೇಖನವನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂದು ಎಣಿಸಿ ತಯಾರಿಸುವ ಲೆಕ್ಕ. ಕನ್ನಡದಲ್ಲಿ ಬರೆದದ್ದು ಆ ಬಲೆಗೆ ಬೀಳುವುದೇ ಅಪರೂಪ. ಅಂದರೆ ಕನ್ನಡ ನಾಡಿನ ವಿಶ್ವವಿದ್ಯಾಲಯಗಳು ತಮ್ಮ ವಿದ್ವತ್ತನ್ನು ಅಳೆಯಲು ಹಿಡಿದಿರುವ ಕೋಲಿಗೆ ಕನ್ನಡವೇ ಕಾಣಿಸುವುದಿಲ್ಲ.

ಇದು ಬರೀ ಪ್ರಚಾರದ ಹುಚ್ಚಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಧ್ಯಾಪಕರ ನೇಮಕ, ಬಡ್ತಿ ಎರಡೂ ಇಂಥದ್ದೇ ಎಣಿಕೆಯ ಮೇಲೆ ನಿಂತವು. ಯುಜಿಸಿ 2010ರಲ್ಲಿ ಎಪಿಐ ಎಂಬ ಅಂಕ ಪದ್ಧತಿಯನ್ನು ತಂದಿತು. 2018ರ ನಿಯಮಾವಳಿ ಅದನ್ನು ತಿದ್ದಿ ಇನ್ನೊಂದು ಕೋಷ್ಟಕ ಕೊಟ್ಟಿತು. ಓದುಗರು ಆ ಕೋಷ್ಟಕವನ್ನೊಮ್ಮೆ ನೋಡಬೇಕು. ಮಾನವಿಕ ವಿಷಯಗಳಲ್ಲಿ, ಮಾನ್ಯತೆ ಪಡೆದ ಪತ್ರಿಕೆಯಲ್ಲಿ ಅಚ್ಚಾದ ಒಂದು ಲೇಖನಕ್ಕೆ 10 ಅಂಕ. ನಮ್ಮ ದೇಶದ ಪ್ರಕಾಶಕರು ತಂದ ಇಡೀ ಪುಸ್ತಕಕ್ಕೂ ಅದೇ 10. ಒಂದು ಗ್ರಂಥವನ್ನು ಪೂರ್ತಿಯಾಗಿ ಅನುವಾದಿಸಿದರೆ 8. ವಿದೇಶದ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದರೆ 7. ವಿಮಾನ ಹತ್ತಿ ಹೋಗಿ ಹದಿನೈದು ನಿಮಿಷ ಪ್ರಬಂಧ ಓದಿ ಬಂದವರಿಗೂ, ನಾಲ್ಕು ವರ್ಷ ನಿಘಂಟು ಹಿಡಿದು ಕೂತು ಗ್ರಂಥವೊಂದನ್ನು ಕನ್ನಡಕ್ಕೆ ತಂದವರಿಗೂ ಇರುವ ಅಂತರ ಒಂದೇ ಒಂದು ಅಂಕ!

ಹೀಗಿದ್ದಾಗ ಬುದ್ಧಿವಂತರು ಏನು ಮಾಡುತ್ತಾರೆ? ಪುಸ್ತಕ ಬರೆಯುವುದಿಲ್ಲ, ಅನುವಾದಕ್ಕೆ ಕೈ ಹಚ್ಚುವುದಿಲ್ಲ. ಒಂದು ಲೇಖನವನ್ನು ಮೂರಾಗಿ ಸೀಳುತ್ತಾರೆ. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚುಹಾಕಿಕೊಡುವ ನಿಯತಕಾಲಿಕೆಗಳು ನಾಯಿಕೊಡೆಯಂತೆ ಎದ್ದದ್ದು ಹೀಗೆಯೇ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಕಿತ್ತುಹಾಕಬೇಕಾಯಿತು. ಆಮೇಲೆ 'ಕೇರ್' ಎಂಬ ಹೊಸ ಪಟ್ಟಿ ಬಂತು; 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. ಕಿತ್ತುಹಾಕಿದ ಆ ಪತ್ರಿಕೆಗಳ ಬಲದಿಂದ ಬಡ್ತಿ ಪಡೆದವರು ಏನಾದರು ಎಂದು ಮಾತ್ರ ಯಾರೂ ಕೇಳಲಿಲ್ಲ.

ನಮ್ಮಲ್ಲಿ ದೊಡ್ಡ ಕೆಲಸಗಳು ಹೇಗೆ ಆದವು ಎಂಬುದನ್ನು ನೆನೆದರೆ ಈ ಕೋಷ್ಟಕದ ಬಡತನ ಅರ್ಥವಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿದ ರುದ್ರಪಟ್ಟಣ ಶಾಮಶಾಸ್ತ್ರಿಗಳು ಪ್ರಾಧ್ಯಾಪಕರೇನೂ ಆಗಿರಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟು, ಅದೂ ಗ್ರಂಥ ಲಿಪಿಯಲ್ಲಿ. ಅದನ್ನು ಓದಿ 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಭಾರತದ ಪ್ರಾಚೀನ ರಾಜಕಾರಣದ ಬಗ್ಗೆ ಲೋಕ ತಿಳಿದಿದ್ದುದೇ ಬದಲಾಯಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ ಮುಂದೆ ಆ ಗ್ರಂಥಾಲಯವನ್ನು ತನ್ನದಾಗಿಸಿಕೊಂಡಿತು. ಇಂದು ಹಸ್ತಪ್ರತಿ ವಿಭಾಗದಲ್ಲಿ ಕಟ್ಟು ಬಿಚ್ಚಿ ಎಣ್ಣೆ ಸವರುವ, ಸೂಚಿ ಬರೆಯುವ ನೌಕರನ ಹೆಸರನ್ನು ಯಾವ ವಿಶ್ವವಿದ್ಯಾಲಯದ ಸಾಧಕರ ಪಟ್ಟಿಯಲ್ಲಾದರೂ ಕಂಡಿದ್ದೀರಾ? ಬೋಧಕೇತರ ಸಿಬ್ಬಂದಿ ಎಂಬ ಪದವೇ ಸಾಕು. ಏನು ಅಲ್ಲವೋ ಅದರಿಂದಲೇ ಅವರನ್ನು ಗುರುತಿಸುತ್ತೇವೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಮಂಗಳೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಬಿ. ಶೇಕ್ ಅಲಿಯವರನ್ನು ಜನ ಹೈದರ್, ಟಿಪ್ಪುವಿನ ಇತಿಹಾಸಕಾರ ಎಂದಷ್ಟೇ ಬಲ್ಲರು. ತಲಕಾಡಿನ ಗಂಗರ ಬಗ್ಗೆ, ಅಂದರೆ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಕಾಲದ ಅರಸರ ಬಗ್ಗೆ, ಇಂಗ್ಲಿಷಿನಲ್ಲಿ ಗ್ರಂಥ ಬರೆದವರೂ ಅವರೇ. ಮೈಸೂರು ವಿಶ್ವವಿದ್ಯಾಲಯವೇ ಅದನ್ನು 1976ರಲ್ಲಿ ಪ್ರಕಟಿಸಿತು. ಇತ್ತ ಧಾರವಾಡದಲ್ಲಿ ವಚನ, ಶಾಸನಗಳ ನಡುವೆ ಬದುಕಿದ ಎಂ.ಎಂ. ಕಲಬುರ್ಗಿಯವರು. ವಿಜಯಪುರದ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆ ಹಮ್ಮಿಕೊಂಡಾಗ ಅದರ ಮುಂದೆ ನಿಂತವರು ಅವರು. ನಿವೃತ್ತಿಯ ನಂತರದ ಕೆಲಸ ಅದು, ಬಡ್ತಿಯ ಆಸೆಗೆ ಮಾಡಿದ್ದಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಅವರ ಮನೆಬಾಗಿಲಲ್ಲೇ ಗುಂಡು ಹಾರಿಸಿ ಕೊಂದರು. ಆಗ ತಮ್ಮ 'ಕತ್ತಿಯಂಚಿನ ದಾರಿ'ಗೆ ಬಂದಿದ್ದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಹಿಂದಿರುಗಿಸಿದವರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ರಹಮತ್ ತರೀಕೆರೆ ಒಬ್ಬರು. ಅವರು 1998ರಲ್ಲಿ 'ಕರ್ನಾಟಕದ ಸೂಫಿಗಳು' ಬರೆದರು. ಅಲ್ಲಿಗೇ ನಿಲ್ಲದೆ ನಾಥಪಂಥ, ಶಾಕ್ತಪಂಥ, ಮೊಹರಂಗಳ ಬಗ್ಗೆಯೂ ಊರೂರು ಸುತ್ತಿ ಪುಸ್ತಕಗಳನ್ನು ಬರೆದರು. ಈ ಮೂವರೂ ತಮ್ಮವರದಲ್ಲದ ಅಂಗಳಕ್ಕೆ ಹೋಗಿ ದುಡಿದವರು. ಅವರ ಕೆಲಸವನ್ನು ಸ್ಕೋಪಸ್‌ನಲ್ಲಿ ಹುಡುಕುವುದು ಹಗೇವಿನಲ್ಲಿ ಮೀನು ಹುಡುಕಿದಂತೆ.

ಇದೆಲ್ಲ ನಮಗೇಕೆ ಎಂದು ಕೇಳುವವರಿದ್ದಾರೆ. ಸರಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿ 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಗೊಳಿಸುವವರೆಗಿನ ವರ್ಷಗಳನ್ನು ನೆನಪಿಸಿಕೊಳ್ಳಿ. ಬೀದಿಯಲ್ಲಿ ಕಲ್ಲು ಬಿದ್ದವು, ಟಿವಿಯಲ್ಲಿ ಗಂಟಲು ಹರಿದವು. ಟಿಪ್ಪುವಿನ ಪರ ಕೂಗಿದವರಲ್ಲಾಗಲಿ ವಿರುದ್ಧ ಕೂಗಿದವರಲ್ಲಾಗಲಿ, ಆ ಕಾಲದ ಫಾರಸಿ ದಾಖಲೆಯ ಒಂದು ಪುಟವನ್ನು ಬಿಡಿಸಿ ಓದಬಲ್ಲವರು ಎಷ್ಟು ಮಂದಿ ಇದ್ದರು? ಆ ಕಾಲವನ್ನು ಕಂಡ ಕಿರ್ಮಾನಿ ಬರೆದ ಚರಿತ್ರೆಯನ್ನು ಇಂದಿಗೂ ಬಹುಪಾಲು ಜನ ತಿಳಿಯುವುದು ಕರ್ನಲ್ ಮೈಲ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 19ನೇ ಶತಮಾನದಲ್ಲಿ ಮಾಡಿದ ಇಂಗ್ಲಿಷ್ ಅನುವಾದದಿಂದ. ವಿಜಾಪುರದ ಸೂಫಿಗಳ ಬಗ್ಗೆ ಎಲ್ಲರೂ ಉಲ್ಲೇಖಿಸುವ ಗ್ರಂಥ ಅಮೆರಿಕದ ರಿಚರ್ಡ್ ಈಟನ್ ಅವರದು, 1978ರದ್ದು. ಅವರು ನಮ್ಮ ದರ್ಗಾಗಳಿಗೆ ಬಂದರು, ಫಾರಸಿ, ದಖನಿ ಎರಡನ್ನೂ ಓದಿದರು, ಬರೆದರು. ನಮಗೆ ಸಂತೋಷವೇ. ಆದರೆ ಆ ಊರಿನ ಹುಡುಗನೊಬ್ಬ ಆ ಕೆಲಸ ಮಾಡಲು ಯಾವ ವಿಶ್ವವಿದ್ಯಾಲಯ ದಾರಿ ಮಾಡಿಕೊಟ್ಟಿದೆ? ಫಾರಸಿ ಓದಿ ಕನ್ನಡದಲ್ಲಿ ಬರೆಯಬಲ್ಲ ವಿದ್ವಾಂಸರು ಬೆರಳೆಣಿಕೆಯಷ್ಟು. ಖಾಯಂ ಹುದ್ದೆಗಳು ಖಾಲಿ ಬಿದ್ದಿವೆ. ವರ್ಷ ವರ್ಷ ಆದೇಶಕ್ಕೆ ಕಾಯುವ ಅತಿಥಿ ಉಪನ್ಯಾಸಕನಿಗೆ ಹತ್ತು ವರ್ಷದ ಯೋಜನೆ ಹಾಕಿಕೋ ಎಂದು ಯಾವ ಬಾಯಿಂದ ಹೇಳುವುದು?

ತಪ್ಪು ವಿಶ್ವವಿದ್ಯಾಲಯಗಳದ್ದು ಮಾತ್ರ ಎಂದರೆ ಅರ್ಧ ಮಾತಾಗುತ್ತದೆ. ನಮ್ಮ ಸಮುದಾಯದ ಸಂಘಟನೆಗಳು, ಟ್ರಸ್ಟುಗಳು ಏನು ಮಾಡುತ್ತಿವೆ? ಪಟ್ಟಿಯಲ್ಲಿ ಒಂದು ಮುಸ್ಲಿಂ ಹೆಸರು ಕಂಡರೆ ಸಾಕು, ಶಾಲು, ಹಾರ, ಸ್ಮರಣಿಕೆ, ಬ್ಯಾನರ್. ವೇದಿಕೆಯ ಮೇಲೆ ಕೂತ ಹನ್ನೆರಡು ಗಣ್ಯರಲ್ಲಿ ಒಬ್ಬರೂ ಆತನ ಪ್ರಬಂಧದ ಹೆಸರು ಹೇಳಲಾರರು. ಇಲ್ಮ್‌ನ ಮಹತ್ವದ ಬಗ್ಗೆ ಭಾಷಣವಿಲ್ಲದ ಸಮಾರಂಭವೇ ನಮ್ಮಲ್ಲಿಲ್ಲ. ಆದರೆ ಮಕ್ಕಳು ಇತಿಹಾಸ, ಭಾಷೆ ಓದುತ್ತೇವೆಂದರೆ ಮನೆಯಲ್ಲಿ ಸೂತಕ. ಡಾಕ್ಟರ್, ಇಂಜಿನಿಯರ್ ಆಗಬೇಕು. ಇತಿಹಾಸದ ಸುಳ್ಳಿಗೆ ಉತ್ತರ ಕೊಡುವ ಕೆಲಸ ಬೇರೆ ಯಾರಾದರೂ ಮಾಡಲಿ. ಆ ಬೇರೆ ಯಾರಾದರೂ ಕಲಬುರ್ಗಿಯವರಂಥವರಾಗಿದ್ದರು. ಅವರನ್ನು ಕೊಂದದ್ದಾಯಿತು.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮಾವಳಿಯೊಂದನ್ನು ಮುಂದಿಟ್ಟು, ಅಂಕದ ಲೆಕ್ಕವನ್ನು ಕೈಬಿಡುವ ಮಾತಾಡಿತು. ಒಳ್ಳೆಯದೇ. ಆದರೆ ಕೋಷ್ಟಕ ಹೋದ ಜಾಗದಲ್ಲಿ ಆಯ್ಕೆ ಸಮಿತಿಯ ಮರ್ಜಿ ಬಂದು ಕೂತರೆ ಏನಾಗುತ್ತದೆಂದು ಎಪಿಐಗೆ ಮುಂಚಿನ ದಿನಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತಿ ನೋಡಿ, ಗುಂಪು ನೋಡಿ, ಲಕೋಟೆ ನೋಡಿ ನೇಮಕ ನಡೆದ ದೂರುಗಳಿಂದಲೇ ಈ ಅಂಕಗಳಿಗೆ ಅಷ್ಟು ಬೆಂಬಲ ಸಿಕ್ಕಿತ್ತು. ಆದ್ದರಿಂದ ನಮ್ಮ ಕೇಳಿಕೆ ಇಷ್ಟೇ. ಕೆಲಸವನ್ನು ಓದಿ ನೋಡಿ ತೀರ್ಮಾನಿಸಿ. ಯಾರು ಓದಿದರು, ಏನು ಹೇಳಿದರು ಎಂಬುದನ್ನು ಹೆಸರು ಸಮೇತ ಪ್ರಕಟಿಸಿ. ಮುಂದಿನ ಸಲ ಸಾಧಕರ ಪಟ್ಟಿ ಕಳಿಸುವಾಗ ಪ್ರತಿ ಹೆಸರಿನ ಮುಂದೆ ಅವರು ಕಂಡುಕೊಂಡದ್ದನ್ನು ಮೂರು ಸಾಲು ಕನ್ನಡದಲ್ಲಿ ಬರೆಯಿರಿ. ಹಸ್ತಪ್ರತಿ ಕಾಯುವವರ, ಗ್ರಂಥಪಾಲಕರ ಹೆಸರನ್ನೂ ಸೇರಿಸಿ.

ನಮ್ಮ ಟ್ರಸ್ಟುಗಳಿಗೂ ಒಂದು ಮಾತು. ಈ ವರ್ಷದ ಸನ್ಮಾನ ಸಮಾರಂಭದ ಶಾಮಿಯಾನ, ಬಿರಿಯಾನಿ, ಬ್ಯಾನರಿನ ಖರ್ಚನ್ನು ಒಮ್ಮೆ ಕೂಡಿಸಿ ನೋಡಿ. ವಿಜಯಪುರದ್ದೋ ಬೀದರಿನದ್ದೋ ಇಬ್ಬರು ಹುಡುಗ ಹುಡುಗಿಯರಿಗೆ ಫಾರಸಿ ಕಲಿಸಲು ಎಷ್ಟು ಬೇಕು ಎಂಬುದನ್ನೂ ಲೆಕ್ಕ ಹಾಕಿ, ಎರಡನ್ನೂ ಮುಂದಿನ ವಾರ್ಷಿಕ ಸಭೆಯಲ್ಲಿ ಜಮಾಅತಿನವರ ಮುಂದಿಡಿ.