ಎಂಟನೇ ದಿನ ಯಾರ ಲೆಕ್ಕಕ್ಕೆ?

ಅಹಮದಾಬಾದಿನಿಂದ ವಡೋದರಾ, ಸೂರತ್ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಮುಂದೆ ಮುಂಬೈ, ಪುಣೆ, ಕೊಲ್ಹಾಪುರ ಹಾದು ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ತುಮಕೂರಿನ ಮೂಲಕ ಬೆಂಗಳೂರು ಸೇರುತ್ತದೆ. ಗುಜರಾತಿನಲ್ಲಿರುವ ನಮಗೆ ಇದೇ ಊರಿನ ದಾರಿ. ದಾರಿ ಒಂದೇ ಆದರೂ ಅದರ ಮೇಲೆ ಬಿದ್ದು ಕೈಕಾಲು ಮುರಿದುಕೊಂಡವರ ಪಾಡು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಾವೇರಿಯ ಬಳಿ ಬಿದ್ದರೆ ನೆಂಟರಿಷ್ಟರು ಓಡಿ ಬರುತ್ತಾರೆ, ಮನೆಯಿಂದ ಪಡಿತರ ಚೀಟಿ ಬರುತ್ತದೆ, ನೋವನ್ನು ನಮ್ಮದೇ ಮಾತಿನಲ್ಲಿ ಹೇಳಿಕೊಳ್ಳಬಹುದು. ಭರೂಚ್ ಬಳಿ ಬಿದ್ದರೆ ಈ ಮೂರೂ ಇಲ್ಲ. ಪರದೇಶದಲ್ಲಿ ಆಸ್ಪತ್ರೆ ಸೇರಿದಷ್ಟೇ ಪರದಾಟ.

ಕಾನೂನು ಈಚೆಗೆ ಈ ಪರದಾಟವನ್ನು ಸ್ವಲ್ಪ ತಗ್ಗಿಸಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ರೂಪಿಸುವುದು ಕೇಂದ್ರ ಸರ್ಕಾರದ ಹೊಣೆ. ಆ ಕಲಂ 2022ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದ್ದರೂ ಯೋಜನೆ ಮಾತ್ರ ಬರಲಿಲ್ಲ. ಕೊನೆಗೆ 2025ರ ಜನವರಿ 8ರಂದು ಸುಪ್ರೀಂ ಕೋರ್ಟ್ ಗಡುವು ಹಾಕಿತು. ಆ ಗಡುವೂ ಮೀರಿದ ಮೇಲೆ, ಮೇ 5ರಂದು ಅಧಿಸೂಚನೆ ಹೊರಬಿತ್ತು. ದೇಶದ ಯಾವುದೇ ರಸ್ತೆಯಲ್ಲಿ ವಾಹನ ಅಪಘಾತಕ್ಕೆ ಸಿಕ್ಕವರಿಗೆ ನಿಗದಿತ ಆಸ್ಪತ್ರೆಯಲ್ಲಿ 7 ದಿನ, ಗರಿಷ್ಠ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದರಿಂದ ಸಿಗುತ್ತದೆ.

ಹೊರನಾಡಿನಲ್ಲಿರುವವರು ಇದರಲ್ಲಿ ಗಮನಿಸಬೇಕಾದದ್ದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಇದರ ತತ್ವವನ್ನು. ಗಾಯಾಳು ಎಲ್ಲಿಯವನು, ಬಡವನೋ ಅಲ್ಲವೋ ಎಂದು ಈ ಯೋಜನೆ ಕೇಳುವುದಿಲ್ಲ. ಅಪಘಾತ ನಡೆದಿದೆಯೇ ಎಂದಷ್ಟೇ ಕೇಳುತ್ತದೆ. ಈ ವಿಚಾರ ಕನ್ನಡಿಗರಿಗೆ ಹೊಸದಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಪ್ರಾಣ ಹೋಗುವ ಹೊತ್ತಿನಲ್ಲೂ ಅಂಗದಾನದ ಮಾತಾಡಿದ ಯುವಕ ಹರೀಶ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಅದರ ಮರುತಿಂಗಳೇ ‘ಸಾಂತ್ವನ ಹರೀಶ್’ ಯೋಜನೆ ತಂದಿತು. ರಾಜ್ಯದ ರಸ್ತೆಯಲ್ಲಿ ಗಾಯಗೊಂಡವರು ಎಲ್ಲಿಯವರೇ ಆಗಿರಲಿ, ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2018ರಲ್ಲಿ ಗುಜರಾತ್ ಕೂಡ ಇಂಥದೇ ಯೋಜನೆಯಲ್ಲಿ ಮೊದಲ 48 ಗಂಟೆಗೆ 50,000 ರೂಪಾಯಿಯ ನೆರವು ಪ್ರಕಟಿಸಿತು. ಗಾಯ ಆದ ಜಾಗವೇ ಅರ್ಹತೆ ಎಂಬ ಈ ವಿಚಾರವನ್ನು ಕೇಂದ್ರ ಈಗ ದೇಶಕ್ಕೆಲ್ಲ ವಿಸ್ತರಿಸಿದೆ.

ಕಾಗದದ ಮೇಲಿನ ಹಕ್ಕು ಆಸ್ಪತ್ರೆಯ ಬಾಗಿಲಲ್ಲಿ ಸಿಗಬೇಕಾದರೆ ಎರಡು ಸಂಗತಿ ಗೊತ್ತಿರಬೇಕು. ಮೊದಲನೆಯದು, ಪೂರ್ಣ ಸೌಲಭ್ಯ ಇರುವುದು ನಿಗದಿತ ಆಸ್ಪತ್ರೆಗಳಲ್ಲಿ ಮಾತ್ರ. ಬೇರೆ ಕಡೆ ಪ್ರಾಣಾಪಾಯ ತಪ್ಪಿಸುವಷ್ಟು ಚಿಕಿತ್ಸೆಗಷ್ಟೇ ಯೋಜನೆ ಹಣ ಕೊಡುತ್ತದೆ. ಹಾಗಾಗಿ ಸ್ನೇಹಿತರ ಕಾರಿನಲ್ಲಿ ಕಣ್ಣಿಗೆ ಬಿದ್ದ ನರ್ಸಿಂಗ್ ಹೋಮಿಗೆ ಒಯ್ಯುವುದಕ್ಕಿಂತ 108ಕ್ಕೆ ಫೋನ್ ಮಾಡುವುದು ಮೇಲು. ಗುಜರಾತಿನಲ್ಲಿ 2007ರಿಂದ, ಕರ್ನಾಟಕದಲ್ಲಿ 2008ರಿಂದ ಇರುವುದು ಇದೇ ಸಂಖ್ಯೆ. ಅಹಮದಾಬಾದಿನ ಅಸಾರ್ವಾ ಸಿವಿಲ್ ಆಸ್ಪತ್ರೆ, ವಡೋದರಾದ ಸಯಾಜಿರಾವ್ ಹೆಸರಿನ ಎಸ್‌ಎಸ್‌ಜಿ, ಸೂರತ್ತಿನ ನ್ಯೂ ಸಿವಿಲ್ ಮತ್ತು ಪಾಲಿಕೆಯ ಸ್ಮಿಮೇರ್, ಈ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳ ಹೆಸರು ನಮಗೆ ಬಾಯಿಪಾಠವಾಗಿರಬೇಕು. ಎರಡನೆಯದು, ಇದು ಅಪಘಾತವೇ ಹೌದು ಎಂದು ಪೊಲೀಸರು ಗಡುವಿನೊಳಗೆ ದೃಢೀಕರಿಸಬೇಕು. ಆ ಊರಿನ ಠಾಣೆಗೆ ಅಲೆಯಲು ಮನೆಯವರಿಲ್ಲದ ಕಡೆ ವಿಳಂಬವಾಗುವುದು ಇಲ್ಲೇ. ಆದರೆ ಪೊಲೀಸರು ಬರಲಿ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ವೈದ್ಯರ ಮೊದಲ ಕರ್ತವ್ಯ ಜೀವ ಉಳಿಸುವುದು.

ಈಗ ಎಂಟನೇ ದಿನಕ್ಕೆ ಬರೋಣ. ತೊಡೆಯ ಮೂಳೆ ಮುರಿದವರು, ತಲೆಗೆ ಪೆಟ್ಟು ಬಿದ್ದವರು ಏಳು ದಿನದಲ್ಲಿ ಎದ್ದು ಓಡಾಡುವುದಿಲ್ಲ. ಎರಡನೇ ಶಸ್ತ್ರಚಿಕಿತ್ಸೆ, ಐಸಿಯು, ಫಿಸಿಯೋಥೆರಪಿ, ಇವೆಲ್ಲ ಆಮೇಲೂ ಬೇಕಾಗಬಹುದು. ಊರಿನಲ್ಲಿದ್ದರೆ ಆಗ ಆರೋಗ್ಯ ಕಾರ್ಡ್ ಕೈಹಿಡಿಯುತ್ತಿತ್ತು. ಹೊರನಾಡಿನಲ್ಲಿ ಆ ಕಾರ್ಡು ಎಷ್ಟು ದೂರ ನಡೆಯುತ್ತದೆ ಎಂಬುದೇ ಪ್ರಶ್ನೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿ. ಕಾರ್ಡನ್ನು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ಬಳಸಬಹುದು, ಹಣ ಕೊಡುವುದು ತವರು ರಾಜ್ಯ. ಆದರೆ ಇದು ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳ ಮಾತು. ಕರ್ನಾಟಕ ಈ ಯೋಜನೆಯನ್ನು ‘ಆರೋಗ್ಯ ಕರ್ನಾಟಕ’ದ ಜೊತೆ ಬೆಸೆದು, ತನ್ನ ಖರ್ಚಿನಲ್ಲಿ ಇನ್ನೂ ಅನೇಕ ಕುಟುಂಬಗಳನ್ನು ಸೇರಿಸಿಕೊಂಡಿತು. ಒಳ್ಳೆಯ ಕೆಲಸವೇ. ಆದರೆ ಹಾಗೆ ಸೇರಿದವರಿಗೆ ರಾಜ್ಯದ ಆಚೆಯ ಸೌಲಭ್ಯ ತಾನಾಗಿ ಸಿಗುವುದಿಲ್ಲ. ಎಪಿಎಲ್ ಕುಟುಂಬಗಳಿಗಂತೂ ಊರಿನಲ್ಲಿಯೂ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಇತ್ತ ಗುಜರಾತ್ 2023ರಲ್ಲಿ ತನ್ನ ಫಲಾನುಭವಿಗಳ ಮಿತಿಯನ್ನು 10 ಲಕ್ಷಕ್ಕೆ ಏರಿಸಿದೆ. ಒಂದೇ ವಾರ್ಡಿನ ಅಕ್ಕಪಕ್ಕದ ಹಾಸಿಗೆಯಲ್ಲಿ ಒಂದೇ ಬಗೆಯ ಗಾಯದವರು ಮಲಗಿದ್ದರೂ ಒಬ್ಬರಿಗೆ 10 ಲಕ್ಷದ ಬೆನ್ನಾಸರೆ, ಇನ್ನೊಬ್ಬರಿಗೆ ಕಾರ್ಡು ನಡೆಯುತ್ತದೋ ಇಲ್ಲವೋ ಎಂಬ ಅನುಮಾನ.

ಇದಕ್ಕೆ ದಾರಿ ಇಲ್ಲದೆ ಇಲ್ಲ. ಸೂರತ್ತಿನ ಮಗ್ಗಗಳಲ್ಲಿ ದುಡಿಯುವವರಲ್ಲಿ ಒಡಿಶಾದ ಗಂಜಾಂ ಜಿಲ್ಲೆಯವರು ಬಹಳ. ಒಡಿಶಾ ಬಹುಕಾಲ ತನ್ನದೇ ಯೋಜನೆ ನಡೆಸಿ, 2025ರಲ್ಲಿ ಆಯುಷ್ಮಾನ್ ಭಾರತ್ ಸೇರಿತು. ಹೊರಗೆ ದುಡಿಯುವ ಒಡಿಯಾ ಕಾರ್ಮಿಕರಿಗೆ ದೇಶದ ಎಲ್ಲಿಯಾದರೂ ಚಿಕಿತ್ಸೆ ಸಿಗಬೇಕೆಂಬುದನ್ನು ಅದರ ಮುಖ್ಯ ಲಾಭವಾಗಿ ಮುಂದಿಟ್ಟಿತು. ಹೊರಗಿರುವ ತನ್ನ ಜನ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಒಂದು ರಾಜ್ಯ ಲೆಕ್ಕಕ್ಕೆ ತೆಗೆದುಕೊಂಡರೆ ಹೀಗೆ ಮಾಡಬಹುದು. ಐಟಿ ಕಚೇರಿ ಕಟ್ಟಿ ಹೊರಗಿನವರನ್ನು ಕರೆಸಿಕೊಳ್ಳುವ ರಾಜ್ಯ ನಮ್ಮದು. ಹೊರಗೆ ಹೋದವರೂ ನಮ್ಮವರೇ ಎಂಬುದು ಆರೋಗ್ಯ ಇಲಾಖೆಯ ಕಡತದಲ್ಲೂ ಕಾಣಬೇಕು.

ಈ ಅಂಕಣ ಓದುವವರಲ್ಲಿ ಬಹಳ ಮಂದಿಗೆ ಕಂಪನಿಯ ಗುಂಪು ವಿಮೆ ಇದೆ. 2024ರ ಜನವರಿಯಿಂದ ವಿಮಾ ಕಂಪನಿಗಳು ತಮ್ಮ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ನಗದುರಹಿತ ಚಿಕಿತ್ಸೆಗೆ ಒಪ್ಪಿವೆ. ತುರ್ತಾಗಿ ದಾಖಲಾದರೆ 48 ಗಂಟೆಯೊಳಗೆ ತಿಳಿಸಬೇಕು, ಅಷ್ಟೇ. ಹಾಗಾಗಿ ಎಂಟನೇ ದಿನದ ಚಿಂತೆ ನಮ್ಮದಲ್ಲ ಎನಿಸಬಹುದು. ಆದರೆ ಮಗಳ ಬಾಣಂತನಕ್ಕೆಂದು ಶಿರಸಿಯಿಂದ ಬಂದ ಅತ್ತೆ, ನಮ್ಮೂರ ಊಟದ ನೆನಪಾದಾಗ ನಾವು ಹೋಗುವ ಉಡುಪಿ ಹೋಟೆಲಿನ ಕುಂದಾಪುರದ ಹುಡುಗ, ಹಜೀರಾದ ಕಾರ್ಖಾನೆಯಲ್ಲಿ ಗುತ್ತಿಗೆಗೆ ಬಂದ ಕಲಬುರಗಿಯ ವೆಲ್ಡರ್, ಇವರೆಲ್ಲ ಆ ವಿಮೆಯ ಹೊರಗಿರುವವರು. ಅಪಘಾತವಾದರೆ ಮೊದಲು ಫೋನ್ ಬರುವುದು ನಮಗೇ.

ಹಣದಷ್ಟೇ ದೊಡ್ಡದು ಮಾತಿನ ತೊಡಕು. ಇಲ್ಲಿ ವೈದ್ಯರು ‘ಕ್ಯಾಂ ದುಖೇ ಛೇ?’ ಎಂದು ಕೇಳುತ್ತಾರೆ. ‘ಎಲ್ಲಿ ನೋವು?’ ಎಂದು ಅದರ ಅರ್ಥ. ಅರೆಬರೆ ಹಿಂದಿ ಬಲ್ಲ ನಮ್ಮವರಿಗೆ ಅದು ‘ಏನು’ ಎಂದು ಕೇಳಿಸುತ್ತದೆ. ನೋವಿನ ಜಾಗ ತೋರಿಸುವ ಬದಲು ಬೈಕ್ ಹೇಗೆ ಜಾರಿತು ಎಂದು ವಿವರಿಸಲು ಹೊರಡುತ್ತಾರೆ. ಬೆನ್ನಿಗೆ ಪೆಟ್ಟು ಬಿದ್ದವರು ‘ಕಾಲು ಜೋಮು ಹಿಡಿದಿದೆ’ ಎನ್ನುವುದು ಬಹಳ ಮುಖ್ಯವಾದ ಲಕ್ಷಣ. ಅದನ್ನು ‘ಕಾಲು ನೋವು’ ಎಂದು ಅನುವಾದಿಸಿದರೆ ವೈದ್ಯರ ದಿಕ್ಕೇ ತಪ್ಪಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು ಎಂದಿದೆ. ಗುಜರಾತಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ಓದಿ ಹೇಳಿ ಎಂದು ಕೇಳುವುದು ಹಕ್ಕು, ಮುಜುಗರಪಡುವ ವಿಷಯವಲ್ಲ.

ಇಲ್ಲಿನ ಕನ್ನಡ, ತುಳು ಸಂಘಗಳು ಗಣೇಶೋತ್ಸವ, ರಾಜ್ಯೋತ್ಸವಗಳನ್ನು ಚೆಂದವಾಗಿ ಮಾಡುತ್ತವೆ. ಅದೇ ಸದಸ್ಯರ ಪಟ್ಟಿಯಿಂದ ಇನ್ನೊಂದು ಕೆಲಸ ಆಗಬಹುದು. ಊರಿಗೆ ನಾಲ್ಕೈದು ಜನ, ಗುಜರಾತಿ ಬಲ್ಲವರು, ಸರದಿಯಂತೆ ಫೋನಿಗೆ ಸಿಗಬೇಕು. ನಿಗದಿತ ಆಸ್ಪತ್ರೆಗಳ ಪಟ್ಟಿ ಅವರ ಬಳಿ ಇರಬೇಕು. ಠಾಣೆಯ ದೃಢೀಕರಣಕ್ಕೆ ಅವರಲ್ಲೊಬ್ಬರು ಹೋಗಬೇಕು. ಗಾಯಾಳುವಿಗೆ ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ ಎಂಬ ರಕ್ಷಣೆಯೂ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಲ್ಲಿದೆ. ಅಂಜಬೇಕಿಲ್ಲ.

ಉಳಿದದ್ದು ಕರ್ನಾಟಕ ಸರ್ಕಾರದ ಪಾಲಿನ ಕೆಲಸ. ಕೇಳಬೇಕಾದ್ದು ಮೂರೇ. ಆರೋಗ್ಯ ಕರ್ನಾಟಕದ ಬಿಪಿಎಲ್ ಕಾರ್ಡುದಾರರೆಲ್ಲರಿಗೂ ಅಪಘಾತದಂಥ ತುರ್ತಿನಲ್ಲಿ ಹೊರರಾಜ್ಯದಲ್ಲೂ ಚಿಕಿತ್ಸೆ. ಎಪಿಎಲ್ ಕುಟುಂಬಗಳಿಗೆ ಊರಿನಲ್ಲಿ ಸಿಗುವ ಪಾಲು ಹೊರಗೂ ಸಿಗುವ ವ್ಯವಸ್ಥೆ. ಹೊರರಾಜ್ಯದ ಆಸ್ಪತ್ರೆಯ ಸಿಬ್ಬಂದಿ ಫೋನ್ ಮಾಡಿದರೆ ರಾತ್ರಿಯೂ ಉತ್ತರಿಸುವ, ರೋಗಿಯೊಂದಿಗೆ ಕನ್ನಡದಲ್ಲಿ ಮಾತಾಡಿ ವೈದ್ಯರಿಗೆ ತಿಳಿಸುವ ಒಂದು ಸಹಾಯವಾಣಿ. ಮೊದಲ ಏಳು ದಿನದ ಹೊಣೆಯನ್ನು ದೇಶ ಹೊತ್ತುಕೊಂಡಿದೆ. ಎಂಟನೇ ದಿನದ ಹೊಣೆಯನ್ನು ತವರು ಹೊರಬೇಕು. ಮುಂದಿನ ಬಜೆಟ್ ಚರ್ಚೆಯ ಹೊತ್ತಿಗೆ ನಮ್ಮ ಸಂಘಗಳು ಈ ಮನವಿಯನ್ನು ಬರೆದು, ಊರಿನ ಶಾಸಕರ ಕೈಗೆ ಮುಟ್ಟಿಸಲಿ.