ಸಿರಪ್ ಯಾವುದು ಎನ್ನುವ ಮೊದಲು, ಸಿರಪ್ ಬೇಕೇ?

ಮಳೆ ಹಿಡಿಯಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಮಕ್ಕಳಿರುವ ಯಾವ ಮನೆಗೂ ಕೆಮ್ಮು, ಶೀತ ತಪ್ಪಿದ್ದಲ್ಲ. ರಾತ್ರಿಯಿಡೀ ಮಗು ಕೆಮ್ಮಿದರೆ ಬೆಳಗಾಗುತ್ತಲೇ ಯಾರಾದರೊಬ್ಬರು ಪೇಟೆಗೆ ಹೊರಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ‘ಮೂರು ವರ್ಷದ ಮಗು, ಕಫ ಕಟ್ಟಿದೆ, ಒಂದು ಒಳ್ಳೇ ಸಿರಪ್ ಕೊಡಿ’ ಎಂದರೆ ಮುಗಿಯಿತು. ವೈದ್ಯರ ಚೀಟಿ ಬೇಕಿಲ್ಲ, ಮಗುವಿನ ತೂಕ ಎಷ್ಟೆಂದು ಕೇಳುವವರಿಲ್ಲ. ಬಾಟಲಿ ಕೈಗೆ ಬರುತ್ತದೆ. ಈ ರೂಢಿಯನ್ನು ನಾವು ಬಿಡಲೇಬೇಕು.

2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಆ ಮಕ್ಕಳಿಗೆ ಬಂದದ್ದು ಎಲ್ಲ ಮಕ್ಕಳಿಗೂ ಬರುವ ಜ್ವರ, ಕೆಮ್ಮು. ಕೋಲ್ಡ್ರಿಫ್ ಎಂಬ ಸಿರಪ್ ಕುಡಿದ ಕೆಲವೇ ದಿನಗಳಲ್ಲಿ ಮೂತ್ರ ಕಟ್ಟಿತು, ಕಿಡ್ನಿ ವಿಫಲವಾಯಿತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು; ಹೆಚ್ಚಿನವರಿಗೆ ಐದು ವರ್ಷವೂ ತುಂಬಿರಲಿಲ್ಲ. ಕಾಂಚೀಪುರಂ ಜಿಲ್ಲೆಯ ಸ್ರೇಸನ್ ಕಂಪನಿ ತಯಾರಿಸಿದ ಆ ಬ್ಯಾಚನ್ನು ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ ಅದರಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಮಿತಿ ಇರುವುದು ಶೇ 0.1.

ಡೈಎಥಿಲೀನ್ ಗ್ಲೈಕಾಲ್ ಕಾರ್ಖಾನೆಗಳಲ್ಲಿ ಬಳಸುವ ರಾಸಾಯನಿಕ. ಸಿರಪ್‌ನಲ್ಲಿ ಔಷಧದ ಅಂಶ ಕರಗಲು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್‌ನಂಥ ದ್ರವ ಬೇಕು. ದುಡ್ಡು ಉಳಿಸಲು ಕಳಪೆ ದ್ರವ ತಂದರೆ, ತಂದದ್ದನ್ನು ಪರೀಕ್ಷಿಸದೆ ಹಾಗೇ ಸುರಿದರೆ, ಅದರ ಜೊತೆಗೆ ಈ ವಿಷವೂ ಬಾಟಲಿಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ಸಿಹಿ. ತಾಯಿಗೆ ಗೊತ್ತಾಗುವುದಿಲ್ಲ, ಅಂಗಡಿಯವರಿಗೆ ಗೊತ್ತಾಗುವುದಿಲ್ಲ, ಬರೆದುಕೊಟ್ಟ ವೈದ್ಯರಿಗೂ ಗೊತ್ತಾಗುವುದಿಲ್ಲ.

ಇದು ಹೊಸ ದುರಂತವೂ ಅಲ್ಲ. 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ ಬೆರೆತ ಔಷಧಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಮರುವರ್ಷವೇ ಅಲ್ಲಿ ಬಿಗಿ ಕಾನೂನು ಬಂತು. ನಮ್ಮಲ್ಲಿ 1972ರಲ್ಲಿ ಮದ್ರಾಸ್, 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆ, 1998ರಲ್ಲಿ ಗುರುಗ್ರಾಮ, 2020ರ ಹೊತ್ತಿಗೆ ಜಮ್ಮುವಿನ ರಾಮನಗರ. 2022ರಲ್ಲಿ ದೂರದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗಲೂ ವಿಶ್ವ ಆರೋಗ್ಯ ಸಂಸ್ಥೆ ಬೊಟ್ಟು ಮಾಡಿದ್ದು ಹರಿಯಾಣದ ಕಂಪನಿಯೊಂದರ ಸಿರಪ್‌ಗಳತ್ತ. ಐವತ್ತು ವರ್ಷ ಕಳೆದರೂ ಮಕ್ಕಳು ಸತ್ತ ಮೇಲೆಯೇ ಬಾಟಲಿ ಪ್ರಯೋಗಾಲಯಕ್ಕೆ ಹೋಗುತ್ತಿದೆ.

ಕೋಲ್ಡ್ರಿಫ್ ಕರ್ನಾಟಕಕ್ಕೆ ಪೂರೈಕೆಯಾಗಿಲ್ಲ ಎಂದು ನಮ್ಮ ಸರ್ಕಾರ ಹೇಳಿತು. ಸಮಾಧಾನದ ಮಾತೇ. ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ನಮ್ಮ ರಾಜ್ಯದ ಕಾವಲು ಬಿಗಿಯಾಗಿದೆ ಎಂದು ನಿಶ್ಚಿಂತರಾಗುವ ಹಾಗಿಲ್ಲ.

ಅದರಲ್ಲೂ ನಮ್ಮ ಕರಾವಳಿಯ ಕಷ್ಟ ಬೇರೆ. ಪುಟ್ಟ ಮಗುವಿನ ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್‌ಗೂ ಮಕ್ಕಳ ತಜ್ಞರಿಗೂ ನಾವು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಭಟ್ಕಳದಿಂದ ಮಣಿಪಾಲಕ್ಕೇ ಸುಮಾರು 90 ಕಿಲೋಮೀಟರ್. ಹೊನ್ನಾವರ, ಕುಮಟಾದವರಿಗೆ ಇನ್ನೂ ದೂರ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್ ಬಳಿ ಮಗುಚಿ ನಾಲ್ವರು ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾದದ್ದೂ ಆಗಲೇ. ಚಿಕಿತ್ಸೆ ಇಷ್ಟು ದೂರವಿರುವಾಗ, ಬೇಡದ ಔಷಧಿಯನ್ನು ಮಗುವಿನ ಬಾಯಿಗೆ ಹಾಕುವ ಅಪಾಯ ನಮಗೇಕೆ?

ಬೇಡದ ಔಷಧಿ ಎಂದು ತಿಳಿದೇ ಬರೆಯುತ್ತಿದ್ದೇನೆ. ಮಕ್ಕಳ ಕೆಮ್ಮು ಬಹುಪಾಲು ವೈರಸ್ಸಿನಿಂದ ಬಂದು ತಾನಾಗಿಯೇ ಹೋಗುವಂಥದ್ದು. ಸಿರಪ್ ಅದನ್ನು ಬೇಗ ವಾಸಿಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಎರಡು ವರ್ಷದೊಳಗಿನವರಿಗೆ ಕೆಮ್ಮು, ಶೀತದ ಔಷಧಿ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ. ಮನೆಯಲ್ಲಿರುವ ಬಾಟಲಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸಣ್ಣ ಅಕ್ಷರಗಳಲ್ಲಿ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎಂಬ ಎರಡೂ ಹೆಸರು ಒಟ್ಟಿಗೆ ಇದ್ದರೆ, ಅದು ನಾಲ್ಕು ವರ್ಷದೊಳಗಿನ ಮಗುವಿಗೆ ಕೊಡುವ ಔಷಧಿಯಲ್ಲ. ಆ ಎಚ್ಚರಿಕೆಯನ್ನು ಲೇಬಲ್ಲಿನಲ್ಲೇ ಮುದ್ರಿಸಬೇಕೆಂದು 2023ರಲ್ಲೇ ಆದೇಶವಾಗಿದೆ. ಅದೂ ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದಲ್ಲಿ! ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಇದ್ದರೆ ಎಷ್ಟು ತಾಯಂದಿರು ಓದುತ್ತಿದ್ದರು.

ಹಾಗಾದರೆ ಕೆಮ್ಮುವ ಮಗುವಿಗೆ ಏನು ಮಾಡುವುದು? ಬೆಚ್ಚಗಿನ ನೀರು, ಗಂಜಿ, ವಿಶ್ರಾಂತಿ. ಮೂಗು ಕಟ್ಟಿದ್ದರೆ ಸಲೈನ್ ಹನಿ. ವರ್ಷ ತುಂಬಿದ ಮಗುವಿಗೆ ರಾತ್ರಿ ಅರ್ಧ ಚಮಚ ಜೇನು ಕೊಡಬಹುದು. ವರ್ಷದೊಳಗಿನ ಕೂಸಿಗೆ ಜೇನನ್ನು ನೆಕ್ಕಿಸಲೂಬಾರದು. ಉಸಿರು ಜೋರಾದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಮಗು ಹಾಲು, ನೀರು ಬಿಟ್ಟರೆ ತಡಮಾಡದೆ ತಾಲೂಕು ಆಸ್ಪತ್ರೆಗೆ ಒಯ್ಯಿರಿ. ಯಾವುದೇ ಸಿರಪ್ ಕುಡಿದ ಮೇಲೆ ವಾಂತಿ ಶುರುವಾಗಿ ಮೂತ್ರ ಕಡಿಮೆಯಾದರೆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಬ್ಯಾಚ್ ನಂಬರ್ ಇನ್ನೊಂದು ಮಗುವಿನ ಜೀವ ಉಳಿಸಬಹುದು.

ಎಲ್ಲ ಹೊಣೆಯನ್ನೂ ತಾಯಂದಿರ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಮಕ್ಕಳ ಸಿರಪ್‌ನ ಪ್ರತಿ ಬ್ಯಾಚೂ ಮಾರಾಟಕ್ಕೆ ಮೊದಲೇ ಈ ವಿಷದ ಪರೀಕ್ಷೆಗೆ ಒಳಗಾಗಬೇಕು. ಫಲಿತಾಂಶ ಜನರಿಗೆ ಕನ್ನಡದಲ್ಲಿ ಸಿಗಬೇಕು. ಔಷಧ ಪರಿವೀಕ್ಷಕರು ನಮ್ಮ ಪೇಟೆಗಳಿಂದಲೂ ಮಾದರಿ ಒಯ್ಯಬೇಕು. ಇನ್ನು ಮೂರೂ ತಾಲೂಕಿನ ಔಷಧ ವ್ಯಾಪಾರಿಗಳು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಐದು ವರ್ಷದೊಳಗಿನ ಮಗುವಿಗೆ ಚೀಟಿಯಿಲ್ಲದೆ ಕೆಮ್ಮಿನ ಸಿರಪ್ ಕೊಡುವುದಿಲ್ಲ ಎಂದು ಅವರೇ ಕೂತು ತೀರ್ಮಾನಿಸಬಹುದು, ಅಂಗಡಿ ಮುಂದೆ ಬೋರ್ಡ್ ಹಾಕಬಹುದು. ಮುಂದಿನ ಮಳೆಗಾಲದೊಳಗೆ ಅಷ್ಟಾದರೂ ಆಗಲಿ.